ಧರಣಿಯ ಟಬ್ಬು

ಶನಿವಾರ, 14 ಜೂನ್ 2025

ಧರಣಿಯ ರಕ್ತದಲ್ಲಿ ಸೀಸ ಸೇರಿದೆಯೋ ಇಲ್ಲವೋ ಸೋಮವಾರ ಗೊತ್ತಾಗುತ್ತದೆ. ಅಲ್ಲಿಯವರೆಗೆ ಏನು ಮಾಡಲಿ.

ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಲು ಟಬ್ಬು ತರಹೋದರೆ, ನನ್ನ ಗಂಡ ಸಿದ್ದೇಶ್ ಕಿಲುಬು ಬಿಡಲೆಂದು ಅದರಲ್ಲಿ ಹಳೇ ಕಂಪ್ಯೂಟರಿನ ಬೋರ್ಡು ನೆನೆಹಾಕಿದ್ದರು. ಗುಜರಿಯಿಂದ ತಂದದ್ದು, ನಾವು ಹುಟ್ಟುವ ಮುಂಚಿನದು. ವಿನೆಗರ್ ವಾಸನೆ, ಬೂದು ಬಣ್ಣದ ನೀರು.

"ಅಳತೆಗೆ ಸರಿಯಾಗಿ ಕೂರುತ್ತೆ ಕಣೆ. ಆಮೇಲೆ ತೊಳೆದಿಡ್ತೀನಲ್ಲ" ಅಂದರು.

ಇಂಥ ಹಳೇ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುತ್ತದೆಂದು ನನಗೆ ಹೇಳಿಕೊಟ್ಟವರೇ ಅವರು. ಧರಣಿ ಸ್ನಾನ ಮಾಡುವಾಗ ಆ ಟಬ್ಬಿನ ನೀರನ್ನು ಬೊಗಸೆಯಲ್ಲಿ ಕುಡಿಯುತ್ತಾಳೆ.

ಅತ್ತೆ ಬಂದು ಟಬ್ಬಿನೊಳಗೆ ಬಗ್ಗಿ ನೋಡಿದರು. "ಮಗೂನ ಮೀಯ್ಸೋ ಟಬ್ಬಲ್ಲಿ ಗುಜರಿ ತೊಳ್ದವ್ನಲ್ಲ, ಇವ್ನಿಗೆ ಏನಂತ ಏಳನವ್ವ" ಅಂದರು.

ಆಗಲೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ದೆವು; ಪರೀಕ್ಷೆಗೆ ರಕ್ತ ತೆಗೆಸಿ, ಹೀಗೆ ಎಷ್ಟು ಸಲ ಆಗಿದೆ ಎಂದು ಡಾಕ್ಟರ್ ಕೇಳಿದರು. "ಇದೊಂದೇ ಸಲ ಸಾರ್" ಅಂದರು ಸಿದ್ದೇಶ್. ಆ ಮಾತನ್ನೇ ಹಿಡಿದುಕೊಂಡು ಮನೆಗೆ ಬಂದೆ. ಸೂಜಿ ಚುಚ್ಚಿದ ಕಡೆ ಅಂಟಿಸಿದ ಹತ್ತಿಯನ್ನು ಮಗು ಸಂಜೆಯೆಲ್ಲ ಕೀಳುತ್ತಿತ್ತು. ಒಂದೇ ಸಲ ತಾನೇ, ಒಂದೇ ಸಲ ತಾನೇ.

ಈಗ ದೀಪ ಆರಿಸಿದ ಮೇಲೆ ಅವರಾಗಿಯೇ ಹೇಳಿದರು. "ಒಂದ್ಸಲ ಅಲ್ಲ ಕಣೆ."

"ಮತ್ತೆ ಯಾವಾಗ್ಲಿಂದ?"

"ಟಬ್ಬು ಬಂದಾಗಿಂದ."

ನಾಮಕರಣಕ್ಕೆ ಬಂದ ಟಬ್ಬು ಅದು.

ನಿದ್ದೆಯಲ್ಲಿ ಮಗುವಿನ ಕೈ ಅವರ ಎದೆಯ ಮೇಲಿತ್ತು. ಎತ್ತಿ ನನ್ನ ಕಡೆಗೆ ಇಟ್ಟುಕೊಂಡೆ. ನಾನು ಎದ್ದು ಅಡುಗೆಮನೆಗೆ ಬಂದೆ. ಸೋಮವಾರ ಡಾಕ್ಟರಿಗೆ ಇದನ್ನು ನಾನೇ ಹೇಳಬೇಕು, ಸಿದ್ದೇಶ್ ಪಕ್ಕದಲ್ಲಿ ಕೂತಿರುವಾಗಲೇ.