ಅಣ್ಣನಿಗೂ ಒಂದು ಅಕೌಂಟ್

ಮಾರ್ಚ್ ೧೪, ಗುರುವಾರ

ನನ್ನ ಮೇಲ್ ಇನ್ನು ನನ್ನ ಹತ್ತಿರವೇ ಇರಲಿ ಅಂತ ನಾನೇ ಕಟ್ಟಿದ ಮೇಲ್ ಸರ್ವರ್ ಕೊನೆಗೂ ನನ್ನ ಮಾತು ಕೇಳಿತು. ಈ ಹಳೇ ಲಿನಕ್ಸ್ ಕಂಪ್ಯೂಟರ್ ಜೊತೆ ಮೂರು ವಾರ ಗುದ್ದಾಡಿದ್ದೇನೆ. ಕಳಿಸಿದ್ದೆಲ್ಲ ಅಕ್ಕನ ಸ್ಪ್ಯಾಮ್‌ಗೆ ಹೋಗಿ ಬೀಳುತ್ತಿತ್ತು. ಇವತ್ತು ನೆಟ್ಟಗೆ ಇನ್‌ಬಾಕ್ಸ್‌ಗೇ ಹೋಯಿತು.

ಇಷ್ಟಕ್ಕೆಲ್ಲ ಕಾರಣ ಅಣ್ಣ. ಮನೆಯವರೆಲ್ಲರ ಮೇಲ್ ಅವನ ಸರ್ವರ್ ಕಂಪ್ಯೂಟರಿನಲ್ಲಿದ್ದಾಗ ನನ್ನದನ್ನು ಕದ್ದು ಓದಿ, ನಾನು ಕೆಲಸ ಬಿಡುವ ವಿಷಯ ನನಗಿಂತ ಮೊದಲೇ ಅಪ್ಪನ ಕಿವಿಗೆ ಹಾಕಿದವನು. ಕೇಳಿದರೆ, "ನಿನ್ನ ಪಾಸ್‌ವರ್ಡ್ ನನಗೆ ಕಾಣೋದೇ ಇಲ್ವಲ್ಲೇ" ಅಂದಿದ್ದ. ನಾನು ಪೆದ್ದಿ, ನಂಬಿದ್ದೆ. ಸರ್ವರ್ ಯಾರದೋ ಅವರು ಯಾರ ಪಾಸ್‌ವರ್ಡೂ ಇಲ್ಲದೆ ಎಲ್ಲರ ಮೇಲ್ ಓದಬಹುದು ಅನ್ನೋದು ನಾನೇ ಒಂದನ್ನು ಕಟ್ಟುವಾಗ ಗೊತ್ತಾಯಿತು.

ಸಂಜೆ ಅವನೇ ಬಂದ. ಅವನ ಸರ್ವರಿನ ಡಿಸ್ಕ್ ಕೈಕೊಟ್ಟಿದೆಯಂತೆ.

"ನನಗೂ ಒಂದು ಅಕೌಂಟ್ ಮಾಡಿಕೊಡೇ."

ತಕ್ಷಣ ಮಾಡಿಕೊಟ್ಟೆ. ಅವನು ಪಾಸ್‌ವರ್ಡ್ ಒತ್ತುವಾಗ ಮರ್ಯಾದೆಯಾಗಿ ಮುಖ ತಿರುಗಿಸಿಕೊಂಡೆ. ಮೊದಲ ಮೇಲ್ ಬಂದು ಬಿದ್ದ ಮೇಲೆ ಮೆಲ್ಲಗೆ ಹೇಳಿದೆ: "ಹೆದರಬೇಡ ಅಣ್ಣ, ನಿನ್ನ ಪಾಸ್‌ವರ್ಡ್ ನನಗೆ ಕಾಣೋದೇ ಇಲ್ಲ."

ಆಗ ಅವನ ಮುಖ ನೋಡಬೇಕಿತ್ತು.

ನಾನು ಅವನ ಮೇಲ್ ಒಂದನ್ನೂ ಓದಲ್ಲ. ಅದನ್ನು ಮಾತ್ರ ಅವನಿಗೆ ಯಾವತ್ತೂ ಹೇಳಲ್ಲ.