ಈಸ್ಟರ್‌ಗೆ ನೇರ ಮಾಡಿದ ಕೂದಲು

ಏಪ್ರಿಲ್ 19, ಶನಿವಾರ

ಬಸ್ ಡಿಪೋದಿಂದ ಬಂದವನು ಯೂನಿಫಾರ್ಮ್ ಕೂಡ ಬಿಚ್ಚಲಿಲ್ಲ. ಒಲೆ ಹಚ್ಚಿ, ಕೂದಲು ನೇರ ಮಾಡುವ ಕಬ್ಬಿಣದ ಬಾಚಣಿಗೆ ಕಾಯಲು ಇಟ್ಟೆ. ನಾಳೆ ಈಸ್ಟರ್. ಚರ್ಚಿನಲ್ಲಿ ಮಕ್ಕಳೆಲ್ಲ ಎದ್ದು ನಿಂತು ಪದ್ಯ ಹೇಳಬೇಕು. ಹೆಣ್ಣುಮಕ್ಕಳ ಗುಂಗುರು ಕೂದಲು ನೇರವಾಗಿ ಹೊಳೆಯುತ್ತಿರಬೇಕು. ಹೆಂಡತಿ ಲವೀನಿಯಾ ಇದ್ದಾಗ ಇದು ಅವಳ ಕೆಲಸ. ಅವಳು ತೀರಿಕೊಂಡು ಎರಡು ವರ್ಷ. ಈಗ ನನ್ನದು.

"ಕಿವಿ ಮಡಿಸಿ ಹಿಡ್ಕೋ" ಅಂದೆ. ಮಗಳು ಇಮಾರಿ ಹಿಡಿದೇ ಇದ್ದಳು. ಏಳು ವರ್ಷದವಳು, ಎಷ್ಟು ಹೊತ್ತು ಸುಮ್ಮನಿರುತ್ತಾಳೆ… ಪದ್ಯ ಹೇಳುತ್ತಾ ತಲೆ ತಿರುಗಿಸಿಬಿಟ್ಟಳು. ಕಾದ ಬಾಚಣಿಗೆ ಕಿವಿಗೆ ತಾಗಿ ಚುರ್ ಅಂದಿತು. ತಣ್ಣೀರು ಹಾಕಿದೆ, ಮುಲಾಮು ಹಚ್ಚಿದೆ. ಆದರೂ ಬೊಬ್ಬೆ ಎದ್ದಿತು.

ಲವೀನಿಯಾಳ ತಾಯಿ, ಅತ್ತೆ ವರ್ನೀಸ್, ಬಂದು ನೋಡಿ ನಕ್ಕರು. "ಅಯ್ಯೋ ಬಿಡಪ್ಪ. ನಮ್ಮ ಕಪ್ಪು ಜನರಲ್ಲಿ ಕಿವಿ ಸುಟ್ಕೊಳ್ದೆ ದೊಡ್ಡೋಳಾದ ಹೆಣ್ಣು ಯಾರಿದಾಳೆ? ನನ್ನದೂ ನೋಡು."

ಏಪ್ರಿಲ್ 21, ಸೋಮವಾರ

ನಿನ್ನೆ ಪದ್ಯ ಒಂದು ಅಕ್ಷರ ತಪ್ಪದೆ ಹೇಳಿದಳು. ಇವತ್ತು ಶಾಲೆಯ ನರ್ಸ್ ಕಿವಿ ನೋಡಿ ಮಕ್ಕಳ ರಕ್ಷಣಾ ಇಲಾಖೆಗೆ ಫೋನ್ ಮಾಡಿದ್ದಾಳೆ. ನಾಳೆ ವಿಚಾರಣೆಗೆ ಮನೆಗೆ ಬರುತ್ತಾರಂತೆ.

ಅತ್ತೆಯ ಮುಖ ಇಳಿದುಹೋಯಿತು. "ನಾನೇ ಮಾಡಿದ್ದು ಅಂತ ಹೇಳ್ಬಿಡು. ಮುದುಕಿ, ಕೈ ನಡುಗ್ತು ಅಂದ್ರೆ ಬಿಟ್ಟಾರು. ಹೆಂಡ್ತಿ ಇಲ್ಲದ ಕಪ್ಪು ಗಂಡಸು, ಕೈಯಲ್ಲಿ ಕಾದ ಕಬ್ಬಿಣ… ಏನು ಬರ್ಕೋತಾರೆ ಗೊತ್ತಾ ನಿಂಗೆ?"

"ಸುಳ್ಳು ಹೇಳಿ ಸಿಕ್ಕಿಹಾಕ್ಕೊಂಡ್ರೆ ಮಗೂನೇ ಕಿತ್ಕೋತಾರೆ ಅತ್ತೆ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಹೇಳು, ಹೇಳು."

ಏಪ್ರಿಲ್ 22

ಬಂದವಳು ಬಿಳಿ ಹೆಂಗಸು. ಮೆಲ್ಲಗೆ ಮಾತಾಡಿದಳು — ಅದಕ್ಕೇ ಹೆಚ್ಚು ಹೆದರಿಕೆ ಆಯಿತು. ಬಾಚಣಿಗೆ ತೋರಿಸಿದೆ. ಜನ್ಮದಲ್ಲಿ ಕಂಡಿರಲಿಲ್ಲ ಅವಳು.

"ಮಿಸ್ಟರ್ ಗೇನ್ಸ್, ಇದನ್ನ ಬೆಂಕಿ ಮೇಲೆ ಇಡ್ತೀರಾ? ಆಮೇಲೆ ಮಗು ತಲೆಗಾ?"

ಹೌದು ಮೇಡಂ. ನನ್ನ ಕೈಯಿಂದಲೇ ಆಯ್ತು ಮೇಡಂ.

ಇಮಾರಿಯನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ದನಿಯೇ ಬೇರೆ. "ಅಪ್ಪ ಮನೇಲೇ ಇರ್ಲಿಲ್ಲ, ಅಜ್ಜಿ ಮಾಡಿದ್ದು ಅಂತಾಳೆ. ಮಗೂಗೆ ಯಾರು ಹೇಳಿಕೊಟ್ಟಿದ್ದು?"

ಅತ್ತೆಯ ಕಡೆ ನೋಡಿದೆ. ನೆಲ ನೋಡುತ್ತಿದ್ದರು. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಉರು ಹೊಡೆಸಿದ್ದಾರೆ. ನನ್ನ ಜಾಣೆ ಚೆನ್ನಾಗಿಯೇ ಒಪ್ಪಿಸಿದ್ದಾಳೆ.

ಸಂಜೆ ಇಲಾಖೆಯ ಕಾರು ಬಂತು. ಮನೆಯವರದು ಎರಡು ಮಾತು, ಮಗು ಇಲ್ಲಿರುವುದು ಕ್ಷೇಮವಲ್ಲ — ಅಂದರು. ಅಜ್ಜಿಯ ಮನೆಗೂ ಬಿಡುವುದಿಲ್ಲವಂತೆ. ಇಮಾರಿಯ ಶೂ ಲೇಸು ಕಟ್ಟಲು ಕುಳಿತೆ. ಗಂಟು ಹಾಕಲು ಆಗಲಿಲ್ಲ ನನಗೆ. ಆ ಹೆಂಗಸೇ ಕಟ್ಟಿದಳು.

ಏಪ್ರಿಲ್ 27

ಅತ್ತೆ ಬಂದು ಬಾಗಿಲಲ್ಲಿ ನಿಂತರು. ಒಳಗೆ ಕರೆಯಲಿಲ್ಲ. ಸಿಟ್ಟು ಇಳಿದಿಲ್ಲ… ಅವರ ಮೇಲೋ, ನನ್ನ ಮೇಲೋ.

ಮೇ 6, ಮಂಗಳವಾರ

ಇಮಾರಿಯ ಜೊತೆ ಮೊದಲ ಭೇಟಿ. ಇಲಾಖೆಯ ಕೋಣೆ. ಮೂಲೆಯಲ್ಲಿ ಒಬ್ಬಳು ಕುಳಿತು ನಾವು ಆಡಿದ್ದೆಲ್ಲ ಬರೆದುಕೊಳ್ಳುತ್ತಾಳೆ. ಕೇಸಿನ ಮಾತು ಎತ್ತುವಂತಿಲ್ಲ. ಕಿವಿ ವಾಸಿಯಾಗಿದೆ. ಕೂದಲು ಮಾತ್ರ ಗಂಟುಗಂಟಾಗಿ ಸಿಕ್ಕುಗಟ್ಟಿದೆ. ಇಲಾಖೆಯವರು ಅವಳನ್ನು ಇರಿಸಿರುವ ಮನೆಯಲ್ಲಿ ಯಾರಿಗೂ ಅವಳ ತಲೆ ಬಾಚಲು ಬರುವುದಿಲ್ಲವಂತೆ. ಕಣ್ಣಲ್ಲಿ ನೀರು ತುಂಬಿತು, ಕೆಮ್ಮಿದಂತೆ ಮಾಡಿದೆ.

ಇಮಾರಿ ತೊಡೆ ಮೇಲೆ ಕುಳಿತು ಪಿಸುಗುಟ್ಟಿದಳು. "ಅಪ್ಪಾ, ನಾನು ಹೇಳಿದ್ದು ತಪ್ಪಾಯ್ತಾ?"

"ನಿಂದೇನೂ ತಪ್ಪಿಲ್ಲ ಚಿನ್ನ. ಇನ್ಮೇಲೆ ಯಾರು ಕೇಳಿದ್ರೂ ನಿಜಾನೇ ಹೇಳು, ಆಯ್ತಾ?"

"ನೀನು ನಿಜ ಹೇಳ್ದೆ ಅಲ್ವಾ?"

"ಹೂಂ."

"ಮತ್ತೆ ಅವ್ರು ನಿನ್ನ ಮಾತು ಯಾಕೆ ನಂಬ್ಲಿಲ್ಲ?"

ಮೂಲೆಯವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಮಗಳೂ ನೋಡುತ್ತಿದ್ದಳು. ಏನಾದರೂ ಹೇಳಲೇಬೇಕಿತ್ತು. ಅದಕ್ಕೆ ನಾನು, "ನಮ್ಮನೇಲಿ ಎರಡು ಮಾತು ಬಂತಲ್ಲ ಚಿನ್ನ, ಅದಕ್ಕೆ" ಅಂದೆ; ಮೂಲೆಯವಳು ಅದನ್ನೂ ಬರೆದುಕೊಂಡಳು.