ಲಂಗಡಿ

ಬರೋಡಾ,
೧೧ ಡಿಸೆಂಬರ್ ೧೯೬೬

ಪ್ರೀತಿಯ ಶಾರದಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಇಲ್ಲಿ ಎಲ್ಲರೂ ಆರೋಗ್ಯ ಎಂದು ಬರೆದು ಮುಗಿಸೋಣವೆಂದುಕೊಂಡೆ, ಆಗಲಿಲ್ಲ. ನಿನ್ನೆ ರಜನಿಯ ಶಾಲೆಯಲ್ಲಿ ನಡೆದದ್ದನ್ನು ನಿನಗೆ ಹೇಳದೆ ಇರಲಾರೆ.

ಜ್ವರ ಬಂದು ಎಡಗಾಲು ಸೊರಗಿದ ಮೇಲೆ ಅವಳು ಮೈಸೂರಿನ ಶಾಲೆಯಲ್ಲಿ ಆಟದ ಪೀರಿಯಡ್ಡಿನಲ್ಲೆಲ್ಲ ಗೆಳತಿಯರ ಚಪ್ಪಲಿ ಕಾಯುತ್ತ ಕೂತಿರುತ್ತಿದ್ದುದು ನಿನಗೆ ಗೊತ್ತು. ಇವರಿಗೆ ರೈಲ್ವೆಯಲ್ಲಿ ವರ್ಗವಾಗಿ ಇಲ್ಲಿಗೆ ಬಂದ ಮೇಲೂ ಹಾಗೆಯೇ ಇರಬೇಕೆಂದುಕೊಂಡಿದ್ದೆ. ಅವಳೂ ಏನೂ ಹೇಳಿರಲಿಲ್ಲ. ಆಟೋಟದ ದಿನ ಒಬ್ಬಳೇ ಬೇಸರಪಟ್ಟುಕೊಳ್ಳದಿರಲಿ ಎಂದು ನಾನೂ ಹೋದೆ.

ಗೇಟು ದಾಟುವಾಗಲೇ ಕೂಗು ಕೇಳಿಸಿತು. ಇಡೀ ಶಾಲೆ ಚಪ್ಪಾಳೆ ತಟ್ಟುತ್ತ "ಲಂಗಡಿ, ರಜನಿ, ಲಂಗಡಿ" ಎನ್ನುತ್ತಿತ್ತು. ನನಗೆ ಗುಜರಾತಿ ಬಾರದು. ಲಂಗಡಿ ಎಂದರೆ ಕುಂಟಿ ಎಂಬಷ್ಟು ಹಿಂದಿ ಗೊತ್ತು. ಮೈದಾನದ ನಡುವೆ ನನ್ನ ಮಗಳು ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದಳು. ಸುತ್ತ ಹುಡುಗಿಯರು ಕಿರುಚುತ್ತ ಓಡುತ್ತಿದ್ದರು. ಓಡಿಹೋಗಿ ಅವಳ ತೋಳು ಹಿಡಿದು ಎಳೆದೆ. ಹತ್ತಿರವಿದ್ದ ಹುಡುಗಿಗೆ ಹೊಡೆಯಲು ಕೈ ಎತ್ತಿದೆ.

ರಜನಿ ತನ್ನ ಪಾದ ನೋಡಿಕೊಂಡಳು. ಎರಡೂ ನೆಲದ ಮೇಲಿದ್ದವು.

"ಅದು ಆಟದ ಹೆಸರು, ಅಮ್ಮ," ಅಂದಳು. "ಒಂಟಿಕಾಲಲ್ಲೇ ಎಲ್ಲರನ್ನೂ ಮುಟ್ಟಬೇಕು. ಇನ್ನೊಂದು ಕಾಲು ಊರಿದರೆ ಔಟ್. ನೀನು ನನ್ನ ಔಟ್ ಮಾಡಿದೆ."

ಆಟದ ಟೀಚರ್ ಕೋಕಿಲಾಬೆನ್ ನನ್ನನ್ನು ಕೂರಿಸಿ ನೀರು ಕೊಟ್ಟು, ನನಗೆ ತಿಳಿಯುವಂತೆ ನಿಧಾನವಾಗಿ ಹಿಂದಿಯಲ್ಲಿ ಹೇಳಿದರು. ಅಹಮದಾಬಾದಿನ ಒಂದು ಶಾಲೆಯಲ್ಲಿ ಯಾವ ಮಗುವನ್ನೂ ಹೊರಗೆ ಕೂರಿಸದೆ ಆಡಿಸುವುದನ್ನು ಅವರು ನೋಡಿಬಂದರಂತೆ. ಅಲ್ಲಿ ಪ್ರತಿ ಮಗುವನ್ನೂ ಕರೆದು, ನಿನಗೆ ಯಾವ ಆಟ ಆಗುತ್ತದೆ ಎಂದು ಮೊದಲು ಕೇಳುತ್ತಾರಂತೆ. ಇಲ್ಲಿ ಕೋಕಿಲಾಬೆನ್ ಹಾಗೆ ಕೇಳಿದಾಗ ರಜನಿಯೇ ಇದನ್ನು ಆರಿಸಿಕೊಂಡಳಂತೆ. ಅವಳ ಬಲಗಾಲಿನ ಶಕ್ತಿ ಇಲ್ಲಿ ಯಾರಿಗೂ ಇಲ್ಲ, ಅದೊಂದರ ಮೇಲೇ ಇಷ್ಟು ವರ್ಷ ನಿಂತವಳಲ್ಲವೇ ಎಂದರು. ಹೆತ್ತ ನನಗೆ ಅದು ಹೊಳೆದಿರಲಿಲ್ಲ.

ಅವಳಿಗೆ ಮತ್ತೊಮ್ಮೆ ಆಡಲು ಬಿಡಿ ಎಂದು ಎದುರು ತಂಡದವರೇ ಕೇಳಿಕೊಂಡರು. ನಾನು ಹೊಡೆಯಹೋದ ಹುಡುಗಿಯೂ ಅವರಲ್ಲಿದ್ದಳು. ರಜನಿ ಒಪ್ಪಲಿಲ್ಲ. ಔಟ್ ಅಂದರೆ ಔಟ್ ಎಂದು ಗೆರೆಯಾಚೆ ಹೋಗಿ ಕೂತಳು. ಅವಳ ತಂಡ ಸೋತಿತು. ಮನೆಗೆ ಬರುವಾಗ ನನ್ನ ಕೈ ಹಿಡಿಯಲಿಲ್ಲ.

ಭಾವನವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಹೇಮಲತಾ

ಇನ್ನೊಂದು ಮಾತು: ಸಂಕ್ರಾಂತಿಗೆ ನೀನು ಹೊಲಿಸುತ್ತಿರುವ ಉದ್ದ ಲಂಗ ಬೇಡವಂತೆ. ಎಲ್ಲರ ಹಾಗೆ ಮೊಣಕಾಲುದ್ದದ ಸ್ಕರ್ಟ್ ಬೇಕಂತೆ. ಕಾಲು ಕಾಣುತ್ತದಲ್ಲೇ ಎಂದೆ. "ಅವರೆಲ್ಲ ನೋಡಿದಾರೆ ಅಮ್ಮ, ನೀನೊಬ್ಬಳೇ ನೋಡೋದಿಲ್ಲ" ಅಂದಳು.